ಅಕ್ಕ ಗೆದ್ದ ಮೇಲೆ

ಅಕ್ಕನ ರಕ್ತಪರೀಕ್ಷೆಯ ರಿಪೋರ್ಟು ಬಂದ ದಿನ ಮನೆಯವರೆಲ್ಲ ನಕ್ಕರು. ತಂಗಿಯೂ ನಕ್ಕಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ನಿಂತಳು. ಅಪ್ಪನ ಕಾಯಿಲೆ ಅಕ್ಕನಿಗೆ ಇಲ್ಲ ಅಂದ ಮೇಲೆ ಇನ್ನು ಉಳಿದವರು ಯಾರು?

ಅಪ್ಪ ದರ್ಜಿ. ಅವನ ಕಣ್ಣಿಗೆ ಅಂಚಿನಿಂದ ಒಳಕ್ಕೆ ಕತ್ತಲು ಸರಿಯುತ್ತ ಬಂದು, ಈಗ ಸೂಜಿಗೆ ದಾರ ಪೋಣಿಸಲು ಅವನು ಅಮ್ಮನನ್ನು ಕೂಗಬೇಕಿತ್ತು. ವಂಶದಲ್ಲಿ ಇಳಿದು ಬರುವ ಕಾಯಿಲೆ, ಮಕ್ಕಳಿಗೆ ಬರುವ ಸಂಭವ ಅರ್ಧಕ್ಕರ್ಧ ಎಂದಿದ್ದರು ಕಣ್ಣಿನ ಡಾಕ್ಟರು. ಮಕ್ಕಳು ಇಬ್ಬರು, ಅರ್ಧ ಅಂದರೆ ಒಬ್ಬರು. ಈ ಲೆಕ್ಕವನ್ನು ತಂಗಿ ಯಾರನ್ನೂ ಕೇಳದೆ ಮಾಡಿಕೊಂಡಳು. ಸೋಮವಾರ ಅವಳು ರಕ್ತ ಕೊಡಬೇಕಿತ್ತು. "ನಾನು ಬರಲ್ಲ," ಎಂದುಬಿಟ್ಟಳು. ಗೊತ್ತಿರುವುದನ್ನು ಸೂಜಿ ಚುಚ್ಚಿಸಿಕೊಂಡು ತಿಳಿಯುವುದೇನು?

ಆ ಮನೆಯಲ್ಲಿ ಅದೃಷ್ಟ ನಡೆಯುತ್ತಿದ್ದುದೇ ಹಾಗೆ. ಕಿಟಕಿ ಪಕ್ಕ ಯಾರು ಮಲಗಬೇಕು, ಹೊಸ ಕೊಡೆ ಯಾರಿಗೆ ಎಂದು ಅಕ್ಕತಂಗಿ ಜಡೆ ಹಿಡಿದು ನಿಂತರೆ, ಅಪ್ಪ ಮಿಷನ್ನಿನ ಡ್ರಾಯರಿನಿಂದ ಕೋಟಿನ ದೊಡ್ಡ ಗುಂಡಿ ತೆಗೆದು ಚಿಮ್ಮಿ ಹಿಡಿಯುತ್ತಿದ್ದ. ಅಂಚು ಎದ್ದ ಬದಿ ಅಕ್ಕನದು, ನುಣುಪು ಬದಿ ತಂಗಿಯದು. ಇವತ್ತು ಅಕ್ಕ ಗೆದ್ದರೆ ನಾಳೆ ತಂಗಿ. ತಪ್ಪಿದ್ದೇ ಇಲ್ಲ.

ಆ ವಾರವೇ ಗಣಿತದ ಮಿಸ್ ಸಂಭವನೀಯತೆ ಶುರು ಮಾಡಬೇಕೆ! "ನಾಣ್ಯ ಮೂರು ಸಲ ಹೆಡ್ ಬಿತ್ತು. ನಾಲ್ಕನೇ ಸಲ?"

"ಟೇಲ್, ಮಿಸ್," ಎಂದಳು ತಂಗಿ, ಕೈಯೆತ್ತುವ ಮೊದಲೇ.

"ಯಾಕಮ್ಮ? ಹಿಂದೆ ಬಿದ್ದಿದ್ದು ನಾಣ್ಯಕ್ಕೆ ನೆನಪಿರುತ್ತಾ?"

"ನಾಣ್ಯ ಟ್ಯೂಷನ್ನಿಗೆ ಹೋಗುತ್ತೇನೋ ಮಿಸ್," ಎಂದಿತು ಹಿಂದಿನ ಬೆಂಚು.

ಮಿಸ್ ಅವಳ ಕೈಗೇ ನಾಣ್ಯ ಕೊಟ್ಟರು. ಹೆಡ್. ಹೆಡ್. ಮತ್ತೆ ಹೆಡ್. ಆಮೇಲೆ ಬರೀ ಟೇಲ್. "ಈ ನಾಣ್ಯ ಸರಿಯಿಲ್ಲ ಮಿಸ್. ನಮ್ಮನೆ ಗುಂಡಿ ಹೀಗೆಲ್ಲ ಮಾಡಲ್ಲ. ಒಂದ್ಸಲ ಅಕ್ಕಂಗೆ, ಒಂದ್ಸಲ ನಂಗೆ."

ಮಿಸ್ ನಗಲಿಲ್ಲ. "ಹಾಗೆ ತಾನಾಗೇ ಬೀಳಲ್ಲ ಕಣೆ. ಯಾರೋ ಬೀಳಿಸ್ತಿದಾರೆ."

ಸಂಜೆ ಅವಳು ಮಿಷನ್ನಿನ ಎದುರು ಹೋಗಿ ನಿಂತಳು. "ಅಪ್ಪ, ಗುಂಡಿ ಹಾರಿಸು."

"ಜಗಳಕ್ಕೆ ಅಕ್ಕನೇ ಇಲ್ವಲ್ಲೇ?"

"ಅವಳ ಪಾಲಿಂದೂ ನಾನೇ ಆಡ್ತೀನಿ. ಹೋದ್ಸಲ ಗೆದ್ದಿದ್ದು ಅವಳು."

ಅಪ್ಪ ಚಿಮ್ಮಿದ, ಹಿಡಿದ. ಇಷ್ಟು ವರ್ಷ ಗಾಳಿಯಲ್ಲಿದ್ದ ಗುಂಡಿಯನ್ನೇ ನೋಡುತ್ತಿದ್ದವಳು ಇವತ್ತು ಅವನ ಹೆಬ್ಬೆರಳನ್ನು ನೋಡಿದಳು. ಮುಷ್ಟಿಯೊಳಗೆ ಅದು ಅಂಚನ್ನು ತಡವಿತು, ಮೆಲ್ಲಗೆ ಮಗುಚಿತು. ಮುಷ್ಟಿ ಬಿಚ್ಚಿದರೆ ನುಣುಪು ಬದಿ.

"ನಿಂದೇ ನೋಡು."

"ನೀನು ಮಗುಚಿದೆ."

ಸಿಕ್ಕಿಬಿದ್ದ ಅಪ್ಪ ನಕ್ಕ. "ಸೋತವಳು ಊಟ ಬಿಟ್ಟು ಮಲಗ್ತಿದ್ದಳು. ಏನು ಮಾಡ್ಲಿ?"

"ರಿಪೋರ್ಟಲ್ಲೂ ಹೀಗೆ ಯಾರಾದ್ರೂ ಮಗುಚ್ತಾರಾ?"

ಅಪ್ಪನ ನಗು ಅಲ್ಲೇ ನಿಂತಿತು. ಮಗಳು ಯಾಕೆ ಬರಲ್ಲ ಅಂದಳೆಂದು ಈಗ ಅರ್ಥವಾಯಿತು. "ಇಲ್ಲ ಕಂದಾ. ನನ್ನ ಕೈಲಿದ್ದಿದ್ರೆ ನಿಮ್ಮಿಬ್ಬರಿಗೂ ಇಲ್ಲ ಅಂತಲೇ ಬೀಳಿಸ್ತಿದ್ದೆ."

"ಹಾಗಾದ್ರೆ ಅಕ್ಕಂಗೆ ಇಲ್ಲ ಅಂತ ನಂಗೆ ಇರಲೇಬೇಕು ಅಂತೇನಿಲ್ಲ."

"ಇಲ್ಲ."

"ಇರಲ್ಲ ಅಂತಾನೂ ಇಲ್ಲ."

ಅಪ್ಪ ಬಟ್ಟೆಯ ಚೂರನ್ನು ಮಡಿಸುತ್ತ, ಬಿಡಿಸುತ್ತ ಕೂತ.

"ಹಿಡೀಬೇಡ. ನೆಲಕ್ಕೆ ಬೀಳಲಿ ಬಿಡು," ಎಂದಳು.

ಗುಂಡಿ ನೆಲಕ್ಕೆ ಬಿದ್ದು ಉರುಳಿ ಒರಗಿತು. ಅಂಚಿನ ಬದಿ. ಮತ್ತೊಮ್ಮೆಯೂ ಅಂಚಿನ ಬದಿ. ಮೂರನೆಯದನ್ನು ಹಾಕಲು ಅಪ್ಪನ ಕೈ ಏಳಲಿಲ್ಲ. ಅವಳೇ ಗುಂಡಿ ಎತ್ತಿಕೊಂಡು ಹಾರಿಸಿದಳು. ಮತ್ತೆ ಅಕ್ಕನದೇ. ಆದರೂ ಇದರಲ್ಲಿ ತನ್ನ ಸುದ್ದಿ ಏನೂ ಇಲ್ಲವೆಂದು ಮೊದಲ ಸಲ ಗೊತ್ತಿತ್ತು. ಗುಂಡಿಯನ್ನು ಡ್ರಾಯರಿಗೆ ಹಾಕಿದಳು.

ಸೋಮವಾರ ನರ್ಸು ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು. "ಮುಷ್ಟಿ ಹಿಡಿ. ಗಟ್ಟಿಯಾಗಿ." ಅಪ್ಪ ಪಕ್ಕದ ಕುರ್ಚಿಯಲ್ಲಿ, ಮುಖ ಬೇರೆ ಕಡೆಗೆ. ಸೂಜಿ ಒಳಗೆ ಹೋಯಿತು, ಸಣ್ಣ ಕೊಳವೆ ಕೆಂಪಗೆ ತುಂಬಿತು.

"ಈಗ ಬಿಡು."

ಬೆರಳು ಬಿಡಿಸಿದಳು. ಅಂಗೈಯಲ್ಲಿ ಅವಳದೇ ಉಗುರಿನ ಗುರುತುಗಳಿದ್ದವು, ಬೇರೇನೂ ಇರಲಿಲ್ಲ.