ಸಿದ್ದಬೋರಯ್ಯನವರ ಗಂಟಲು, ನನ್ನ ಪರೀಕ್ಷೆ

ಗಂಟಲೊಳಗೆ ಇಳಿಸುವ ಆ ಪುಟ್ಟ ಕನ್ನಡಿಯನ್ನು ಮೊದಲು ಸ್ಪಿರಿಟ್ ದೀಪದ ಉರಿಗೆ ಹಿಡಿಯಬೇಕು. ತಣ್ಣಗಿದ್ದರೆ ರೋಗಿಯ ಉಸಿರು ತಾಗಿ ಮಸುಕಾಗುತ್ತದೆ, ಒಳಗಿನದೇನೂ ಕಾಣುವುದಿಲ್ಲ. ಬಿಸಿ ಹೆಚ್ಚಾಯಿತೇ ಎಂದು ನಮ್ಮ ಕೈಯ ಹಿಂಬದಿಗೆ ತಾಗಿಸಿ ನೋಡಿಕೊಂಡೇ ಅವರ ಬಾಯಿಗೆ ಹಾಕಬೇಕು. ವೈದ್ಯಕೀಯ ಕಾಲೇಜಿನಲ್ಲಿ ಕಲಿತದ್ದರಲ್ಲಿ ಇದೊಂದನ್ನು ನಾನು ಯಾವತ್ತೂ ತಪ್ಪಿಸಲಿಲ್ಲ. ತಪ್ಪಿದ್ದು ಬೇರೆ ಕಡೆ.

ಕೊನೆಯ ವರ್ಷದ ಪರೀಕ್ಷೆಗೆ ವಾರ್ಡಿನ 'ಒಳ್ಳೆಯ ಕೇಸು'ಗಳನ್ನೇ ಆರಿಸುತ್ತಾರೆಂದು ನಮಗೆಲ್ಲ ಗೊತ್ತಿತ್ತು. ರೋಗ ಎಷ್ಟು ಕೆಟ್ಟದ್ದೋ ಕೇಸು ಅಷ್ಟು ಒಳ್ಳೆಯದು; ನಾಚಿಕೆಯಿಲ್ಲದೆ ಹಾಗೆಯೇ ಮಾತಾಡುತ್ತಿದ್ದೆವು. ಆ ವರ್ಷದ ಒಳ್ಳೆಯ ಕೇಸು ಏಳನೇ ಹಾಸಿಗೆಯ ಸಿದ್ದಬೋರಯ್ಯನವರು. ಹೂವಿನ ಮಂಡಿಯಲ್ಲಿ ಮೂವತ್ತು ವರ್ಷ ಹರಾಜು ಕೂಗಿದವರು. ಧ್ವನಿ ಒಡೆದು ಆರು ತಿಂಗಳಾದರೂ ಮಂಡಿಯಲ್ಲಿ ಯಾರೂ ಗಾಬರಿಯಾಗಿರಲಿಲ್ಲ. ಕೂಗುವವನ ಗಂಟಲು ಕಟ್ಟದೆ ಇನ್ಯಾರದು ಕಟ್ಟೀತು ಎಂದು ಶುಂಠಿ ಕಷಾಯ ಕುಡಿಸಿದ್ದರು. ಕಷಾಯ ಕುಡಿದು ಅವರು ಬೀಡಿ ಹಚ್ಚುತ್ತಿದ್ದರು.

ಹೊರಗಿನಿಂದ ಬರುವ ಪರೀಕ್ಷಕರಿಗೆ ಪುಸ್ತಕ ಒಪ್ಪಿಸಿದರೆ ಆಗುವುದಿಲ್ಲವೆಂದು ಸುದ್ದಿ ಇತ್ತು. ಓದು ಬಾರದವರಿಗೂ ತಿಳಿಯುವ ಹಾಗೆ ಕನ್ನಡದಲ್ಲಿ ಹೇಳು ಎನ್ನುತ್ತಾರಂತೆ. ಪರೀಕ್ಷೆಯ ಹಿಂದಿನ ಮಧ್ಯಾಹ್ನ ನನಗೆ ಒಂದು ಉಪಾಯ ಹೊಳೆಯಿತು. ಸಿದ್ದಬೋರಯ್ಯನವರ ಪಕ್ಕ ಸ್ಟೂಲು ಎಳೆದು ಕೂತೆ.

"ನಾನೊಂದು ಪಾಠ ಹೇಳ್ತೀನಿ. ನಿಮಗೆ ಅರ್ಥವಾದರೆ ನಾನು ಪಾಸು. ಕೇಳ್ತೀರಾ?"

"ಹೇಳಿ ಡಾಕ್ಟ್ರಮ್ಮ," ಎಂದರು, ಮರಳುಕಾಗದದ ಮೇಲೆ ಗೀರಿದಂಥ ಧ್ವನಿಯಲ್ಲಿ.

ಹೇಳಿದೆ. ಗಂಟಲಲ್ಲಿ ಮಾತು ಹುಟ್ಟಿಸುವ ಎರಡು ಮಡಿಕೆಗಳಿವೆ, ಅವುಗಳ ಮೇಲೆ ಜೀವಕೋಶಗಳ ತೆಳು ಹೊದಿಕೆ ಇದೆ. ದಿನಾ ಹೊಗೆ ತಾಗಿ ತಾಗಿ ಅದು ಬರಿಗಾಲಲ್ಲಿ ನಡೆಯುವವರ ಹಿಮ್ಮಡಿಯಂತೆ ದಪ್ಪಗಟ್ಟುತ್ತದೆ, ಬಿಳಿ ಮಚ್ಚೆಯಾಗಿ ಕಾಣುತ್ತದೆ. ಹಳೆಯ ಕೋಶ ಸಾಯಬೇಕು, ಅದರ ಜಾಗಕ್ಕೆ ಬೇಕಾದಷ್ಟೇ ಹೊಸದು ಹುಟ್ಟಬೇಕು. ಹೊಗೆಯ ವಿಷ ಈ ಕಟ್ಟಳೆಯನ್ನೇ ಕೆಡಿಸುತ್ತದೆ. ಕೆಟ್ಟ ಕೋಶ ಸಾಯುವುದನ್ನು ಮರೆತು ಹುಟ್ಟುತ್ತಲೇ ಹೋಗುತ್ತದೆ. ಹೊದಿಕೆಯ ಕೆಳಗಿನ ಪೊರೆಯನ್ನು ಹರಿದುಕೊಂಡು ಒಳಗಿಳಿಯಿತೋ, ಅದೇ ಕ್ಯಾನ್ಸರ್. ಮಡಿಕೆ ಗಡುಸಾಗಿ ಅಲುಗಾಡದೆ ನಿಲ್ಲುತ್ತದೆ, ಧ್ವನಿ ಒಡೆಯುತ್ತದೆ. 'ಈ ರೋಗಿ', 'ಈ ರೋಗಿ' ಎಂದೇ ಹೇಳುತ್ತಾ ಹೋದೆ. ಪರೀಕ್ಷೆಯಲ್ಲಿ ಹಾಗೆಯೇ ಹೇಳಬೇಕಲ್ಲ.

"ಆಮೇಲೆ?" ಎಂದರು ಸಿದ್ದಬೋರಯ್ಯ, ಕತೆ ಕೇಳುವವರ ಹಾಗೆ.

"ಆಮೇಲೆ ಅಲ್ಲಿಂದ ಹೊರಟು ಕುತ್ತಿಗೆಯ ಪಕ್ಕದ ಗ್ರಂಥಿಗೆ ಬರುತ್ತದೆ. ಅಲ್ಲೊಂದು ಗಟ್ಟಿ ಗಂಟು ಕೈಗೆ ಸಿಕ್ಕಿದರೆ ರೋಗ ಮನೆಯ ಹೊಸಿಲು ದಾಟಿದೆ ಅಂತ ಅರ್ಥ. ಆಗ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ."

ಅವರು ನೆಟ್ಟಗೆ ಕೂತರು. "ಆ ರೋಗಿ ತಿರ್ಗಾ ಕೂಗ್ತಾನಾ ಡಾಕ್ಟ್ರಮ್ಮ?"

"ಇಲ್ಲ. ಉಸಿರಾಟಕ್ಕೆ ಕುತ್ತಿಗೆಯಲ್ಲಿ ತೂತು ಮಾಡಿರುತ್ತಾರೆ. ಧ್ವನಿ ಬರುವುದಿಲ್ಲ," ಎಂದೆ, ಥಟ್ಟನೆ ಉತ್ತರ ಹೊಳೆದ ಖುಷಿಯಲ್ಲಿ.

"ಚೆನ್ನಾಗಿ ಹೇಳ್ದ್ರಿ. ಎಲ್ಲಾ ಗೊತ್ತಾಯ್ತು," ಎಂದರು. ನಾನು ಕುಣಿದುಕೊಂಡು ಹಾಸ್ಟೆಲಿಗೆ ಹೋದೆ.

ಮರುದಿನ ಪರೀಕ್ಷೆಯಲ್ಲಿ ನನ್ನ ಪಾಲಿಗೆ ಅವರೇ ಬಂದರು. ಕನ್ನಡಿ ಬಿಸಿ ಮಾಡಿದೆ, ಕೈಗೆ ತಾಗಿಸಿ ನೋಡಿದೆ, ಮಡಿಕೆಯ ಮೇಲಿನ ಗಡ್ಡೆಯನ್ನು ವಿವರಿಸಿದೆ. ಪರೀಕ್ಷಕರು ತಲೆದೂಗಿದರು. "ಹರಡಿದೆಯೋ?" ಎಂದರು. ಕುತ್ತಿಗೆ ಮುಟ್ಟಿ ನೋಡುವುದನ್ನೇ ಮರೆತಿದ್ದೆ. ಪರೀಕ್ಷಕರು ಹಾಳೆಯತ್ತ ಬಗ್ಗಿದಾಗ ಸಿದ್ದಬೋರಯ್ಯ ನನ್ನನ್ನೇ ನೋಡುತ್ತಾ ಎಡಗುತ್ತಿಗೆಯ ಮೇಲೆ ಎರಡು ಬೆರಳಿಟ್ಟುಕೊಂಡರು. ನಾನು ಅಲ್ಲೇ ಮುಟ್ಟಿದೆ. ಅಡಿಕೆ ಗಾತ್ರದ ಕಲ್ಲಿನಂಥ ಗಂಟು.

"ಶಾಭಾಸ್," ಎಂದರು ಪರೀಕ್ಷಕರು. "ಕೇಸ್ ಶೀಟಿನಲ್ಲೂ ಇದು ಇಲ್ಲ."

ಇಡೀ ತರಗತಿಗೆ ನಾನೇ ಮೊದಲು. ಸಂಜೆ ವಾರ್ಡಿಗೆ ಪೇಡಾ ಹಂಚಲು ಹೋದಾಗ ಸಿದ್ದಬೋರಯ್ಯನವರ ಹೆಂಡತಿ ಲಕ್ಕಮ್ಮ ಮೊಗಸಾಲೆಯಲ್ಲಿ ನನ್ನನ್ನು ತಡೆದರು.

"ಯಾರೋ ಅವರಿಗೆ ಹೇಳ್ಬುಟ್ಟವ್ರೆ ಕಣವ್ವ. ಗಂಟಲಲ್ಲಿ ಬರೀ ಗಂಟು ಅನ್ನಿ, ತೆಗೆದ್ರೆ ಧ್ವನಿ ಬತ್ತದೆ ಅನ್ನಿ ಅಂತ ದೊಡ್ಡ ಡಾಕ್ಟ್ರಿಗೆ ಕೈ ಮುಗಿದಿದ್ದೆ. ನೆನ್ನೆಯಿಂದ ಕುತ್ತಿಗೆ ಹಿಸುಕಿ ಹಿಸುಕಿ ನೋಡ್ಕತಾವ್ರೆ. ಯಾರು ಹೇಳಿದ್ದು ಅಂದ್ರೆ ಬಾಯೇ ಬುಡಾಕಿಲ್ಲ. ಆ ನರ್ಸಮ್ಮಂದೇ ಕೆಲ್ಸ ಇರ್ಬೇಕು. ನಿಂಗೇನಾದ್ರೂ ಗೊತ್ತಾ?"

ಕೇಸ್ ಶೀಟಿನ ಮೂಲೆಯಲ್ಲಿ ಕೆಂಪು ಶಾಯಿಯ ಸಾಲೊಂದಿತ್ತು: ರೋಗಿಗೆ ತಿಳಿಸಿಲ್ಲ. ನೋಡಿದ್ದೆ. ಪರೀಕ್ಷೆಯಲ್ಲಿ ಕೇಳುವ ವಿಷಯವಲ್ಲವೆಂದು ಬಿಟ್ಟಿದ್ದೆ. ಆ ಗಂಟನ್ನು ಅವರು ಹೇಗೆ ಕಂಡುಕೊಂಡರೆಂಬುದು ಆಗ ಹೊಳೆಯಿತು. ಪಾಠ ನಾನು ಹೇಳಿದ್ದೆ. ಹುಡುಕಿದವರು ಅವರು, ಅದೂ ತಮ್ಮ ಕುತ್ತಿಗೆಯಲ್ಲಿ.

"ಗೊತ್ತಿಲ್ಲ ಲಕ್ಕಮ್ಮ," ಎಂದೆ. ಕೈಯಲ್ಲಿ ಪೇಡಾದ ಡಬ್ಬಿ ಇತ್ತು. ನರ್ಸಮ್ಮನ ಮೇಲೆ ಅಪವಾದ ಬಿದ್ದರೂ ಸುಮ್ಮನಿದ್ದೆ. ಮುಚ್ಚಿಟ್ಟದ್ದು ಸರಿಯೋ ತಪ್ಪೋ, ಅದು ಬೇರೆ ಮಾತು. ಹೇಳುವುದಾದರೆ ಮುಖ ನೋಡಿ ಹೇಳಬೇಕಿತ್ತು. ಆ ದಿನದ ನನ್ನನ್ನು ನೆನೆದರೆ ಇವತ್ತಿಗೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಆಪರೇಷನ್ನಿಗೆ ನಾಲ್ಕು ದಿನವಿತ್ತು. ನಾಲ್ಕೂ ದಿನ ಏಳನೇ ಹಾಸಿಗೆಯ ಕಡೆ ಸುಳಿಯಲಿಲ್ಲ. ಅವರಿಗೆ ಇನ್ನೂ ಮಾತು ಬರುತ್ತಿತ್ತು, ಏನಾದರೂ ಅಂದಾರೆಂಬ ಭಯ.

ಆಪರೇಷನ್ ಆಗಿ ಮೂರು ವಾರಗಳ ಮೇಲೆ ದೊಡ್ಡ ಡಾಕ್ಟರು ಅವರ ಗಂಟಲು ನೋಡಿ ಬರೆಯಲು ನನ್ನನ್ನೇ ಕಳಿಸಿದರು. ಕುತ್ತಿಗೆಯಲ್ಲಿ ತೂತು, ಅದರ ಮೇಲೆ ತೆಳು ಬಟ್ಟೆ. ನನ್ನನ್ನು ಕಂಡು ಅವರು ಹುಬ್ಬು ಏರಿಸಿ ಕೈಸನ್ನೆ ಮಾಡಿದರು: ಪಾಸಾಯ್ತಾ? ನಾನು ತಲೆಯಾಡಿಸಿದೆ. "ಅವತ್ತು ತಪ್ಪು ಮಾಡಿದೆ. ಕ್ಷಮಿಸಿ," ಎಂದೆ. ಅವರು ಬಯ್ಯಲಾರದ ಹೊತ್ತು ನೋಡಿ ಕ್ಷಮೆ ಕೇಳಿದ್ದೆ.

ಅವರು ಸುಮ್ಮನೆ ಬಾಯಿ ತೆರೆದರು. ನಾನು ಕನ್ನಡಿಯನ್ನು ಉರಿಗೆ ಹಿಡಿದು, ಕೈಯ ಹಿಂಬದಿಗೆ ತಾಗಿಸಿ ನೋಡಿ, ಒಳಗಿಳಿಸಿದೆ. ಆಮೇಲೆ ನೆನಪಾಯಿತು, ಬಿಸಿ ಮಾಡುವ ಅಗತ್ಯವೇ ಇರಲಿಲ್ಲ. ಅವರ ಉಸಿರೆಲ್ಲ ಕುತ್ತಿಗೆಯ ಬಟ್ಟೆಯನ್ನು ಅಲುಗಿಸುತ್ತಿತ್ತು. ನಾನು ಎಷ್ಟು ಹೊತ್ತು ಹಿಡಿದಿದ್ದರೂ, ಕನ್ನಡಿ ತಣ್ಣಗಾದ ಮೇಲೂ, ಅದು ಮಸುಕಾಗಲೇ ಇಲ್ಲ.