ಇಡ್ಲಿ ತಟ್ಟೆಯಲ್ಲಿ ಬಿಚ್ಚಿಟ್ಟ ಬೀಗ

ಕೋಟೆಯ ಬಾಗಿಲುಗಳ ಚರಿತ್ರೆ ಬರೆಯಲು ಜನರಿದ್ದಾರೆ. ಕಾರಿನ ಬೀಗಕ್ಕೆ ಯಾರೂ ಇಲ್ಲ. ಆದ್ದರಿಂದ ಒಂದು ಭಾನುವಾರ ಮಧ್ಯಾಹ್ನ ಹರಿಹರದ ಅಡುಗೆಮನೆಯೊಂದರಲ್ಲಿ ನನ್ನ ಹೊಟ್ಟೆ ಬಿಚ್ಚಿದ ಮಹತ್ತರ ಸಂಗತಿಯನ್ನು ನಾನೇ ಹೇಳಬೇಕಾಗಿದೆ.

ನಾನು ಒಂದು ಇಗ್ನಿಷನ್ ಬೀಗ. ಚಾಲಕರ ಬಲ ಮೊಣಕಾಲಿನ ಎದುರು ನನ್ನ ವಾಸ. ಕಾರ್ಖಾನೆಯಲ್ಲಿ ನನ್ನ ಹೊಟ್ಟೆಯೊಳಗೆ ಹಿತ್ತಾಳೆಯ ಸಣ್ಣ ಬಿಲ್ಲೆಗಳನ್ನೂ ಅವುಗಳ ಬೆನ್ನಿಗೆ ಸ್ಪ್ರಿಂಗುಗಳನ್ನೂ ಇಟ್ಟರು. ಸರಿಯಾದ ಕೀಲಿ ಬಂದರೆ ಬಿಲ್ಲೆಗಳೆಲ್ಲ ತಲೆ ತಗ್ಗಿಸುತ್ತವೆ, ನಾನು ತಿರುಗುತ್ತೇನೆ. ಬೇರೆಯದು ಬಂದರೆ ಒಂದಾದರೂ ತಲೆ ಎತ್ತಿ ಅಡ್ಡ ನಿಲ್ಲುತ್ತದೆ. ನನ್ನ ವಿದ್ಯಾಭ್ಯಾಸ ಇಷ್ಟೇ.

ಮೊದಲ ಒಡೆಯರು ಹಲ್ಲಿನ ಡಾಕ್ಟರು. ಕಾರಿಗಿಂತ ಅದರ ಹೊದಿಕೆಯ ಮೇಲೆ ಅವರಿಗೆ ಪ್ರೀತಿ. ಅವರಿಂದ ಕೊಂಡವರು ಮುರುಗೇಂದ್ರಪ್ಪನವರು, ನಿವೃತ್ತ ಫಿಟ್ಟರು. ಮೊದಲ ಆಯುಧಪೂಜೆಗೆ ಅವರ ಹೆಂಡತಿ ಹಾಲಮ್ಮ ನನ್ನ ಬಾಯಿಗೇ ಕುಂಕುಮ ತುಂಬಿದರು. ಬಹಳ ದಿನ ಕೆಮ್ಮಿದೆ.

ಯಜಮಾನರ ಕಣ್ಣು ಮಂಜಾದದ್ದು ಮೊದಲು ನನಗೇ ಗೊತ್ತಾಯಿತು. ಬಾಯಿ ಸಿಗದೆ ಕೀಲಿ ನನ್ನ ಮುಖವೆಲ್ಲ ಗೀರತೊಡಗಿತು. ಆಮೇಲೆ ಗೇಟಿನ ಕಂಬಕ್ಕೆ ಗೊತ್ತಾಯಿತು, ಆಮೇಲೆ ಒಂದು ಎಮ್ಮೆಗೆ. ಕೊನೆಗೆ ಗೊತ್ತಾದದ್ದು ಕಣ್ಣಿನ ಡಾಕ್ಟರಿಗೆ. ಇನ್ನು ಗಾಡಿ ಮುಟ್ಟಬೇಡಿ ಎಂದರಂತೆ.

“ಕಣ್ಣು ಬೇಕಿರೋದು ದಾರಿ ಗೊತ್ತಿಲ್ದೋರಿಗೆ,” ಎಂದು ಮುರುಗೇಂದ್ರಪ್ಪನವರು ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು.

ದಿನವೂ ಸಂಜೆ, ಶಾಲೆ ಬಿಡುವ ಹೊತ್ತಿಗೇ ಅವರಿಗೆ ಪೇಟೆಯ ನೆನಪಾಗುತ್ತಿತ್ತು. ರಸ್ತೆ ತುಂಬ ಮಕ್ಕಳು. ಕೀಲಿ ಸರಿಯಾದದ್ದೇ, ಒಲ್ಲೆ ಎನ್ನುವ ಅಧಿಕಾರ ನನಗಿಲ್ಲ. ನಡುಗುತ್ತಲೇ ತಿರುಗುತ್ತಿದ್ದೆ.

ಮಗಳು ಸರ್ವಮಂಗಳ ಸದ್ದಿಲ್ಲದೆ ಒಂದು ಹೊಸ ಕೀಲಿಯನ್ನೂ ಒಂದು ಪೊಟ್ಟಣ ಬಿಲ್ಲೆಗಳನ್ನೂ ತರಿಸಿದಳು. ನಾನು ಹೊಸ ಕೀಲಿಗೆ ಮಾತ್ರ ತಿರುಗಬೇಕು, ಅಪ್ಪನಿಗೆ ಬೀಗ ಕೆಟ್ಟಿದೆ ಎನ್ನಬೇಕು. ಇದು ಯೋಜನೆ. ಅವರು ಉಂಡು ಮಲಗಿದಾಗ, ಹಾಲಮ್ಮನ ಬಳಿಯಿದ್ದ ಎರಡನೇ ಕೀಲಿ ಹಾಕಿ ನನ್ನನ್ನು ಹೊರಗೆಳೆದು, ಅಡುಗೆಮನೆಗೆ ತಂದು, ಹಳೆಯ ಬಿಲ್ಲೆಗಳನ್ನು ಬಿಚ್ಚಿ ಪಕ್ಕಕ್ಕಿಟ್ಟಳು. ಹೊಸ ಕೀಲಿಗೆ ಒಪ್ಪುವ ಬಿಲ್ಲೆಗಳನ್ನು ಒಂದೊಂದಾಗಿ ಆರಿಸಿ, ಸರದಿ ತಪ್ಪದಂತೆ ಇಡ್ಲಿ ತಟ್ಟೆಯ ಗುಳಿಗಳಲ್ಲಿಟ್ಟಳು.

“ಅಯ್ಯೋ, ನನ್ನ ಇಡ್ಲಿ ತಟ್ಟೆಗೆ ಗ್ರೀಸು!” ಎಂದು ಹಾಲಮ್ಮ ಅದನ್ನೆತ್ತಿ ಚೆನ್ನಾಗಿ ಕೊಡವಿದರು.

“ಅಮ್ಮಾ!”

ಆ ಕೂಗಿಗೆ ಮುರುಗೇಂದ್ರಪ್ಪನವರು ಎದ್ದು ಬಂದರು.

“ಏನಿದು?”

“ಬೀಗ ಕೆಟ್ಟಿತ್ತು, ಅಪ್ಪಾಜಿ.”

“ನಿನ್ನೆ ನೆಟ್ಟಗಿತ್ತಲ್ಲ?”

ಅವರು ನೆಲಕ್ಕೆ ಕೂತು ಅಂಗೈಯಿಂದ ಸವರಿ ಬಿಲ್ಲೆಗಳನ್ನು ಗುಡ್ಡೆ ಮಾಡಿದರು.

“ಕೀಲಿ ಕೊಡು.”

ಸರ್ವಮಂಗಳ ಹೊಸದನ್ನು ಕೊಟ್ಟಳು. ಅವರ ಹೆಬ್ಬೆರಳು ಅದರ ಹಲ್ಲುಗಳ ಮೇಲೆ ಒಮ್ಮೆ ಹೋಯಿತು, ಮತ್ತೊಮ್ಮೆ ಬಂತು.

“ಇದು ನಮ್ದಲ್ಲ.” ಕೀಲಿಯನ್ನು ಬಿಲ್ಲೆಗಳ ಪಕ್ಕಕ್ಕಿಟ್ಟರು. “ಇದಕ್ಕೆ ಹೊಂದಿಸ್ಬೇಕೇನು?”

“ಹೂಂ.”

“ಬಾಯಿಬಿಟ್ಟು ಹೇಳೋಕೇನಾಗಿತ್ತು? ನಾನೇನು ಎಮ್ಮೇನಾ?”

“ಎಮ್ಮೆ ಆದ್ರೂ ಪಕ್ಕಕ್ಕೆ ಸರೀತು ಕಣ್ರೀ,” ಎಂದರು ಹಾಲಮ್ಮ. “ನೀವು ಸರೀಲಿಲ್ಲ.”

ಮುರುಗೇಂದ್ರಪ್ಪನವರು ಹಳೆಯ ಬಿಲ್ಲೆಗಳನ್ನೇ ತುಂಬಿ ನನ್ನನ್ನು ಮೊದಲಿನಂತೆ ಮಾಡಬಹುದಿತ್ತು. ತಡೆಯುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ನನಗೆ ಬೆವರುವ ಸೌಕರ್ಯವಿಲ್ಲ. ಇದ್ದಿದ್ದರೆ ಆಗಲೇ ತುಕ್ಕು ಹಿಡಿಯುತ್ತಿದ್ದೆ.

ಅವರ ಬೆರಳು ಒಂದೊಂದೇ ಬಿಲ್ಲೆಯನ್ನು ಹುಡುಕಿ ಕೂರಿಸಿತು. ಒಂದು ಉಬ್ಬಿ ನಿಂತಿತು. “ಇದಲ್ಲ, ಇನ್ನೊಂದು ಕೊಡು,” ಎಂದರು. ಹೊಸ ಕೀಲಿ ಹಾಕಿದಾಗ ನನ್ನ ಮೈಯೆಲ್ಲ ನುಣ್ಣಗಾಯಿತು. ಅದನ್ನು ತೆಗೆದು, ಉಡಿದಾರದ ಗಂಟು ಬಿಚ್ಚಿ, ತಮ್ಮ ಕೀಲಿ ಹಾಕಿದರು. ಒಂದು ಬಿಲ್ಲೆ ತಲೆ ಎತ್ತಿ ಅವರ ಹೆಬ್ಬೆರಳಿಗೆ ಚುಚ್ಚಿತು. ಇನ್ನೊಮ್ಮೆ ಒತ್ತಿ ನೋಡಿದರು. ಅದು ಬಗ್ಗಲಿಲ್ಲ.

“ಸರಿಯಾಗೈತೆ,” ಎಂದರು.

ಮರುದಿನ ಕಾರು ಕಣ್ಣಾಸ್ಪತ್ರೆಗೆ ಹೋಯಿತು. ಸರ್ವಮಂಗಳ ಓಡಿಸಿದಳು. ಮುರುಗೇಂದ್ರಪ್ಪನವರು ಎಡಗಡೆ ಸೀಟಿನಲ್ಲಿ ಕೂತಿದ್ದರು.