ಸೂಜಿ ಪೋಣಿಸುವ ಭಾಗ

"ಇವತ್ತೂ ನನ್ನ ವಿಡಿಯೊನ ಒಂದು ನರಪಿಳ್ಳೆ ನೋಡಿಲ್ಲ!" ಎಂದು ಪಕ್ಕದ ಕೋಣೆಯಿಂದ ಅತ್ತೆ ಸಾರಿದರು. "ಕಲಿಯೋರೇ ಇಲ್ಲದ ಮೇಲೆ ಈ ಹೊಲಿಗೆ ಮಿಷನ್ ಯಾಕೆ? ಸಂಜೆ ಬಂದು ತಗೊಂಡು ಹೋಗಿ ಅಂತ ಬೀದಿ ಕೊನೆಯ ದರ್ಜಿಗೆ ಹೇಳಿಯಾಯ್ತು."

ಅಳಿಯ ತಲೆ ಎತ್ತಲಿಲ್ಲ. ಅವನಿಗೆ ಅವನದೇ ಗೋಳು. ಜಾಲತಾಣಗಳ ವಿಡಿಯೊಗಳನ್ನು ಇಳಿಸಿಕೊಳ್ಳುವ ಒಂದು ಪುಕ್ಕಟೆ ತಂತ್ರಾಂಶವನ್ನು ಅವನು ವರ್ಷಗಳಿಂದ ನೋಡಿಕೊಳ್ಳುತ್ತಿದ್ದ. ತಾಣದವರು ಬಾಗಿಲು ಬದಲಿಸಿದಾಗಲೆಲ್ಲ ಇವನು ಹೊಸ ಕೀಲಿಕೈ ಮಾಡಬೇಕು. ಮಾಡಿದರೆ ಹೊಗಳುವವರಿಲ್ಲ, ತಡವಾದರೆ ಲೋಕದ ಮೂಲೆಮೂಲೆಯಿಂದ ಬೈಗುಳ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎನ್ನುತ್ತಿದ್ದಳು ಹೆಂಡತಿ. ಊರಿಗೂ ತಾನು ಮಾರಿಯೇ ಎಂಬುದು ಅವನ ಕೊರಗು.

ತಂತ್ರಾಂಶ ಸರಿಯಿದೆಯೇ ಎಂದು ನೋಡಲು ಪ್ರತಿ ತಾಣದಿಂದಲೂ ಒಂದು ಪರೀಕ್ಷೆಯ ವಿಡಿಯೊ ಬೇಕು. ಯಾರೂ ಮುಟ್ಟದ, ಎಂದೂ ಬದಲಾಗದ ವಿಡಿಯೊ. ಒಂದು ತಾಣಕ್ಕೆ ಅವನು ಆರಿಸಿದ್ದು ಅತ್ತೆಯದನ್ನು. ಬದುಕಿಡೀ ಬಟ್ಟೆ ಹೊಲಿದ ಅತ್ತೆ, ಅಂಗಿಯ ಗುಂಡಿಗೆ ಕಾಜಾ ಹೊಲಿಯುವುದನ್ನು ಹೇಳಿಕೊಟ್ಟಿದ್ದ ಆ ವಿಡಿಯೊವನ್ನು ಹೆತ್ತ ಮಗಳೇ ಪೂರ್ತಿ ನೋಡಿರಲಿಲ್ಲ. ಆಮೇಲೆ ಅವನ ಕೆಲಸಕ್ಕೆ ಕೈಜೋಡಿಸಿದವರಲ್ಲಿ ಯಾರು ಯಾವ ದೇಶದಲ್ಲಿ ಕೂತು ತಂತ್ರಾಂಶವನ್ನು ಪರೀಕ್ಷಿಸಿದರೂ ಅದು ಅತ್ತೆಯ ವಿಡಿಯೊದ ಶುರುವಿನ ತುಣುಕನ್ನು ಎಳೆದು, ಮೊದಲೇ ತೆಗೆದಿಟ್ಟ ತುಣುಕಿಗೆ ಹೊಂದುತ್ತದೆಯೇ ಎಂದು ನೋಡತೊಡಗಿತು. ಎಳೆದಾಗಲೆಲ್ಲ ಅತ್ತೆಯ ಲೆಕ್ಕಕ್ಕೆ ಒಬ್ಬ ವೀಕ್ಷಕ. ಅತ್ತೆ ಹಿಗ್ಗಿ ಹೀರೇಕಾಯಿಯಾದರು, ಹೊಸ ಕನ್ನಡಕ ಮಾಡಿಸಿಕೊಂಡರು. ಅಳಿಯ ಬಾಯಿ ಬಿಡಲಿಲ್ಲ.

ವಾರದ ಹಿಂದೆ ಪರೀಕ್ಷೆ ಇದ್ದಕ್ಕಿದ್ದಂತೆ ಸೋತಿತು. ತುಣುಕು ಹೊಂದಲಿಲ್ಲ. ಇದು ತಾಣದವರದೇ ಕಿತಾಪತಿ ಎಂದು ತೀರ್ಮಾನಿಸಿದ ಅಳಿಯ, ಸದ್ಯ ಆ ಪರೀಕ್ಷೆಯನ್ನೇ ನಿಲ್ಲಿಸಿ ಎಂದು ಎಲ್ಲರಿಗೂ ಹೇಳಿ, ನೆಟ್ಟಗಿದ್ದ ತಂತ್ರಾಂಶವನ್ನು ಬಿಚ್ಚಿ ಹರಡಿಕೊಂಡು ಕೂತಿದ್ದ.

ಅತ್ತೆ ಬಾಗಿಲಿಗೆ ಬಂದು ನಿಂತರು. "ನಾನೇನು ಕಮ್ಮಿ ಮಾಡಿದೆ ಹೇಳಿ ಅಳಿಯಂದ್ರೇ. ಎಲ್ರೂ ಶುರುವಿನಲ್ಲೇ ಎದ್ದು ಹೋಗ್ತಾರೆ ಅಂತ ಅದ್ರಲ್ಲೇ ತೋರಿಸತ್ತೆ. ನಾನು ಸೂಜಿ ಪೋಣಿಸೋಕೆ ಒದ್ದಾಡೋದು ನೋಡಿ ಬೇಜಾರಾಗತ್ತೇನೋ ಅಂತ ಹೋದ ವಾರ ಆ ಭಾಗಾನೇ ಕತ್ತರಿಸಿ ಹಾಕಿದೆ. ಈಗ ಶುರುವಿಗೂ ಯಾರೂ ಬರ್ತಿಲ್ಲ."

"ನೀವು ಕತ್ತರಿಸಿದ್ರಾ?"

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ಅವನಿಗೆ ನಗು ಉಕ್ಕಿ ಬಂತು. ಅಷ್ಟರಲ್ಲಿ ಅತ್ತೆಯ ಹಿಂದೆ, ಬಟ್ಟೆ ಹೊದ್ದು ಹೊರಡಲು ತಯಾರಾಗಿದ್ದ ಮಿಷನ್ ಕಾಣಿಸಿತು. ಪಾಪ ಅನ್ನಿಸಿತು, ನಾಚಿಕೆಯೂ ಆಯಿತು. ತಡವರಿಸುತ್ತ ಎಲ್ಲವನ್ನೂ ಹೇಳಿಬಿಟ್ಟ.

ಅತ್ತೆ ಕುರ್ಚಿಯಲ್ಲಿ ಕೂತರು. "ಅಂದ್ರೆ ಮನುಷ್ಯರು ಒಬ್ರೂ ನೋಡಿಲ್ಲ."

"ಕಂಪ್ಯೂಟರುಗಳು ನೋಡಿವೆ ಅತ್ತೆ."

"ರೀ, ಸ್ವಲ್ಪ ಸುಮ್ಮನಿರ್ತೀರಾ?" ಎಂದಳು ಹೆಂಡತಿ ಅಡುಗೆಮನೆಯಿಂದ.

ಅತ್ತೆಯ ಮುಖ ನೋಡಲಾರದೆ ಅವನು ವಾರದಿಂದ ಓದದೆ ಬಿಟ್ಟಿದ್ದ ದೂರುಗಳನ್ನು ತೆರೆದ. ಬೈಗುಳ, ಮತ್ತೆ ಬೈಗುಳ. ಮುಂದಿನದನ್ನು ಎರಡು ಸಲ ಓದಿಕೊಂಡು, ಆಮೇಲೆ ಗಟ್ಟಿಯಾಗಿ ಓದಿದ.

"ನಿಮ್ಮ ದರಿದ್ರ ತಂತ್ರಾಂಶ ಮತ್ತೆ ಕೆಟ್ಟಿದೆ. ಪರೀಕ್ಷೆಗೆ ಇಟ್ಟ ವಿಡಿಯೊದ ಶುರುವನ್ನೇ ನುಂಗಿ ಹಾಕುತ್ತಿದೆ. ನಾನು ಅದನ್ನು ಇಳಿಸಿಕೊಂಡು ಪೂರ್ತಿ ನೋಡಿ ಕಾಜಾ ಹೊಲಿಯಲು ಕಲಿತವನು. ಈಗ ನಮ್ಮಪ್ಪನಿಗೆ ತೋರಿಸಬೇಕು. ಅವರ ಕೈ ನಡುಗುತ್ತದೆ. ಆ ಅಮ್ಮ ದಾರ ತಪ್ಪಿದರೂ ಬೇಜಾರಿಲ್ಲದೆ ಮತ್ತೆ ಮತ್ತೆ ಪೋಣಿಸುತ್ತಾರಲ್ಲ, ನಮಗೆ ಬೇಕಾದದ್ದೇ ಆ ಭಾಗ. ಕೂಡಲೇ ಸರಿಪಡಿಸಿ."

ಅತ್ತೆ ಎದ್ದು ಹೋಗಿ ಮಿಷನ್ನಿನ ಮೇಲಿನ ಬಟ್ಟೆ ಎಳೆದರು. ಆಮೇಲೆ ಮಗಳನ್ನು ಕೂಗಿದರು. "ಆ ದರ್ಜಿಗೆ ಬರೋದು ಬೇಡ ಅಂತ ಫೋನ್ ಮಾಡೇ."

"ಹಳೇ ವಿಡಿಯೊ ನನ್ನ ಹತ್ರ ಹಾಗೇ ಇದೆ ಅತ್ತೆ. ಅದನ್ನೇ ಹಾಕಬಹುದು."

"ಅದ್ರಲ್ಲಿ ಹಳೇ ಕನ್ನಡಕ," ಎಂದರು ಅತ್ತೆ. "ಬನ್ನಿ, ಹಿಡ್ಕೊಳ್ಳಿ."

ಅವನು ಫೋನ್ ಹಿಡಿದು ನಿಂತ. ಕಿಟಕಿಯ ಬೆಳಕಿಗೆ ಅತ್ತೆ ಸೂಜಿ ಎತ್ತಿದರು. ದಾರ ತಪ್ಪಿತು. ತುದಿಯನ್ನು ತುಟಿಗಿಟ್ಟು ಒದ್ದೆ ಮಾಡಿಕೊಂಡು ಮತ್ತೆ ಎತ್ತಿದರು. ಮತ್ತೆ ತಪ್ಪಿತು. ಅಳಿಯ ನಿಲ್ಲಿಸಲಿಲ್ಲ, ಒಂದು ಹೆಜ್ಜೆ ಹತ್ತಿರ ಹೋದ.